ದೊಡವಾಡದಿಂದ ಹಾರಿದ ಮಡಿವಾಳೆಪ್ಪ

ಎಲ್ಲ ಅನಾಹುತಕ್ಕೂ ಮೂಲ ಪರಸಪ್ಪನ ಚೀಲದ ಹಿಡಿಕೆಗೆ ಅಂಟಿಕೊಂಡಿದ್ದ ಒಂದು ಕಾಗದದ ಪಟ್ಟಿ.

ಪರಸಪ್ಪ ಹೋದ ದೀಪಾವಳಿಗೆ ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಿಬಂದಿದ್ದ. ವಿಮಾನದವರು ಅಂಟಿಸಿದ ಆ ಪಟ್ಟಿಯನ್ನು ಅವನು ಇನ್ನೂ ಹರಿದಿರಲಿಲ್ಲ. ಅದೇ ಚೀಲದಲ್ಲಿ ಸಂತೆಯಿಂದ ಬದನೆಕಾಯಿ ತರುತ್ತಿದ್ದ, ಅದೇ ಚೀಲದಲ್ಲಿ ಎಮ್ಮೆಗೆ ಹಿಂಡಿ ಒಯ್ಯುತ್ತಿದ್ದ. ಬೈಲಹೊಂಗಲದ ಬಸ್ಸು ಹತ್ತಿದರೆ ಸೀಟಿನ ಎರಡೂ ಬದಿ ತಡಕಾಡಿ, "ಇದಕ್ಕ ಬೆಲ್ಟ್ ಇಲ್ಲೇನ್ರಿ?" ಎಂದು ಕಂಡಕ್ಟರನನ್ನು ಕೇಳುತ್ತಿದ್ದ. ದೊಡವಾಡದ ಜನ ಅವನ ವಿಮಾನಯಾನದ ಕತೆಯನ್ನು ಎಷ್ಟು ಸಲ ಕೇಳಿದ್ದರೆಂದರೆ, ಗಗನಸಖಿ ಕೊಟ್ಟ ನೀರಿನ ಲೋಟ ಎಷ್ಟು ದೊಡ್ಡದೆಂದು ಅವನಿಗಿಂತ ಮೊದಲು ಕೇಳುವವರೇ ಬೆರಳಲ್ಲಿ ತೋರಿಸುತ್ತಿದ್ದರು.

ಆ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನ ಕೈಗೆ ಸಿಕ್ಕವನು ವಿರೂಪಾಕ್ಷ. ಎದುರಿಗೇ ಝೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ ಇಟ್ಟುಕೊಂಡಿದ್ದ ನಲವತ್ತರ ಬಡಪಾಯಿ. ಚಹಾದಲ್ಲಿ ನೊಣ ಬಿದ್ದರೆ ನೊಣಕ್ಕೇ ಕ್ಷಮೆ ಕೇಳುವ ಸ್ವಭಾವ. ಹುಟ್ಟಿದಾಗಿನಿಂದ ಒಂದೂ ವಾದದಲ್ಲಿ ಗೆದ್ದವನಲ್ಲ.

"ವಿರೂಪಾಕ್ಷಪ್ಪ, ಮ್ಯಾಲಿಂದ ನೋಡಿದ್ರ ನೀವೆಲ್ಲಾ ಇರಿವಿ ಕಂಡಂಗ ಕಾಣತೀರಿ ನೋಡು," ಎಂದ ಪರಸಪ್ಪ, ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ ಹೀರುತ್ತ. "ನಿಮ್ಮ ಮನತನದಾಗ ನೆಲಾ ಬಿಟ್ಟು ಒಂದು ಗೇಣರ ಮ್ಯಾಲ ಹ್ವಾದವರು ಯಾರರ ಅದಾರೇನು?"

ಕೂತಿದ್ದವರೆಲ್ಲ ನಕ್ಕರು. ವಿರೂಪಾಕ್ಷನೂ ಅಭ್ಯಾಸಬಲದಿಂದ ನಗಲು ಹೋದ. ಆದರೆ ನಗುವಿನ ಬದಲು ಬೇರೇನೋ ಬಾಯಿಂದ ಹೊರಬಿತ್ತು.

"ನಮ್ಮ ಮುತ್ತಜ್ಜ ಹಾರಿದ್ದ."

ಚಹಾದವನು ಸೋಸುವುದನ್ನು ನಿಲ್ಲಿಸಿದ.

"ಹೆಂಗ ಹಾರಿದ್ದ?" ಪರಸಪ್ಪ ಬಸಿ ಕೆಳಗಿಟ್ಟ.

"ತಾನ ಕಟ್ಟಿದ ವಿಮಾನದಾಗ."

"ಯಾರ ಕಡೆ ಕಲ್ತಿದ್ದ?"

"ಯಾರ ಕಡೇನೂ ಇಲ್ಲ. ಹದ್ದು ನೋಡಿ ಕಲ್ತಿದ್ದ."

ಹೇಳುವವನಿಗೇ ಮೈ ಜುಮ್ಮೆಂದಿತು. ಮುತ್ತಜ್ಜನ ಬಗ್ಗೆ ವಿರೂಪಾಕ್ಷನಿಗೆ ಗೊತ್ತಿದ್ದದ್ದು ಅವನ ಹೆಸರು ಮಡಿವಾಳೆಪ್ಪ ಎಂಬುದೊಂದೇ. ಆದರೆ ಜೀವಮಾನದಲ್ಲಿ ಮೊದಲ ಸಲ ಹತ್ತು ಜನ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದರು. ಅದರ ರುಚಿ ಚಹಾಕ್ಕಿಂತ ಚೆನ್ನಾಗಿತ್ತು. ಎಲ್ಲಿಂದ ಹಾರಿದ ಎಂದರು. ನಮ್ಮ ಮನೆ ಮಾಳಿಗೆಯಿಂದ ಎಂದ. ಎಲ್ಲಿ ಇಳಿದ ಎಂದರು. ಅಷ್ಟರಲ್ಲಿ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಹಿಂದಕ್ಕೆ ತಿರುಗುತ್ತಿತ್ತು. ಅದರ ಬೋರ್ಡು ಓದಿ, "ರಾಮದುರ್ಗಕ್ಕ," ಎಂದ.

ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರಿಗೆ ಕಳವಳವಾಯಿತು. "ಹಂಗಂದ್ರ ಸವದತ್ತಿ ಎಲ್ಲಮ್ಮನ ಗುಡ್ಡದ ಮ್ಯಾಲ ಹಾಯ್ದ ಹೋಗಿರಬೇಕಲ್ಲೊ ತಮ್ಮಾ. ಕಾಲಾಗಿನ ಚಪ್ಪಲ ಬಿಟ್ಟಿದ್ನಿಲ್ಲ?"

"ಬಿಟ್ಟಿದ್ದರಿ."

"ಎಲ್ಲಿ ಬಿಟ್ಟಿದ್ದ?"

"ಮನ್ಯಾಗ ಬಿಟ್ಟ ಹೋಗಿದ್ದರಿ."

ಹಿರಿಯರು ಸಮಾಧಾನದಿಂದ ತಲೆಯಾಡಿಸಿದರು. ಈ ಚಪ್ಪಲಿಯ ವಿವರ ಕೇಳಿದ ಮೇಲೆ ಉಳಿದವರ ಅನುಮಾನವೂ ಹೋಯಿತು. ಸುಳ್ಳು ಹೇಳುವವನಿಗೆ ಇಷ್ಟು ಸಣ್ಣ ಸಂಗತಿ ಹೊಳೆಯುವುದುಂಟೆ?

ವಿಷಯ ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಆ ಹೊತ್ತಿಗೆ ಸರಿಯಾಗಿ ಅರ್ಜುನ ಮಾಸ್ತರರು ಚಹಾಕ್ಕೆ ಬಂದರು. ಅವರು ನಿವೃತ್ತ ಪಿ.ಟಿ. ಮಾಸ್ತರರು. ಕೊರಳಲ್ಲಿನ ಸೀಟಿಯನ್ನು ನಿವೃತ್ತಿಯಾದ ಮೇಲೂ ತೆಗೆದಿರಲಿಲ್ಲ. ಮೂರು ಜನ ಒಂದು ಕಡೆ ನಿಂತದ್ದು ಕಂಡರೆ ಅವರಿಗೆ ಸಮಿತಿ ಮಾಡಬೇಕೆನಿಸುತ್ತಿತ್ತು. ಇಲ್ಲಿ ಹತ್ತು ಜನ ಇದ್ದರು. ಕತೆ ಪೂರ್ತಿ ಕೇಳಿ, ಕಣ್ಣು ಒರೆಸಿಕೊಂಡು, ಸೀಟಿ ಊದಿದರು.

"ಇಷ್ಟ ದಿನಾ ಈ ಊರು ನಿದ್ದಿ ಮಾಡಿತ್ತು," ಎಂದರು. "ಮಡಿವಾಳೆಪ್ಪನವರ ವಿಮಾನ ಸ್ಮಾರಕ ಸಮಿತಿ ಈಗಿಂದೀಗ ಶುರು ಆತು. ಅಧ್ಯಕ್ಷ ನಾನು. ವಿರೂಪಾಕ್ಷ, ನಿಮ್ಮ ಮುತ್ತಜ್ಜ ಹಾರಿದ್ದು ಯಾವ ಇಸವಿ?"

"ಸಾವಿರದ ಒಂಬೈನೂರಾ ಇಪ್ಪತ್ತು ಇರಬೇಕ್ರಿ."

"ಅದು ಭಾಳ ತಡಾ ಆತು. ಅಷ್ಟೊತ್ತಿಗೆ ಬ್ಯಾರೇದವರೂ ಹಾರಿದ್ರು. ಎಲ್ಲಾರಕಿಂತ ಮೊದಲ ಆಗಬೇಕಂದ್ರ ಇಪ್ಪತ್ತು ವರ್ಷ ಹಿಂದಕ ತಗೋಬೇಕು."

"ಹಿಂದಕ ತಗೊಂಡ್ರ ಆವಾಗ ಅವ ಎಂಟ್ಹತ್ತು ವರ್ಷದ ಹುಡುಗ ಇದ್ದಿರಬೇಕ್ರಿ ಸರ."

"ಅದಕ್ಕ ಹಗುರ ಇದ್ದ," ಎಂದರು ಮಾಸ್ತರರು. "ಹಾರಿದ."

ವಿರೂಪಾಕ್ಷ ಅಂಗಡಿ ಬಾಗಿಲು ತೆರೆಯುವ ನೆಪದಲ್ಲಿ ಎದ್ದ. ಆದರೆ ಮೆರವಣಿಗೆ ಆಗಲೇ ಅವನ ಮನೆಯ ಕಡೆ ಹೊರಟಿತ್ತು. ತನ್ನ ಮನೆಗೆ ತಾನೇ ಎಲ್ಲರ ಹಿಂದೆ ಓಡಬೇಕಾಯಿತು.

ಅವನ ಹೆಂಡತಿ ಗಂಗಾ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ಇಪ್ಪತ್ತು ಜನ ಶೇಂಗಾ ತುಳಿಯುತ್ತ ಒಳಗೆ ಬಂದದ್ದು ಕಂಡು ಸೆರಗು ಸೊಂಟಕ್ಕೆ ಸಿಗಿಸಿದಳು. ಸಮಿತಿಯವರು ಮಾಳಿಗೆ ಹತ್ತಿ ಗಾಳಿಯ ದಿಕ್ಕು ನೋಡಿದರು. ಆಮೇಲೆ ಕೊಟ್ಟಿಗೆಗೆ ನುಗ್ಗಿದರು. ಅಲ್ಲಿ ಹೊಟ್ಟಿನ ರಾಶಿಯ ಹಿಂದೆ, ಕಾಳು ತೂರಲು ಹಿಂದೆ ಬಳಸುತ್ತಿದ್ದ ಕಟ್ಟಿಗೆಯ ಕೈಯಂತ್ರವೊಂದು ಮುರಿದು ಬಿದ್ದಿತ್ತು. ಹಿಡಿಕೆ ತಿರುಗಿಸಿದರೆ ನಾಲ್ಕು ಎಲೆಯ ಪಂಖ ತಿರುಗಿ ಗಾಳಿ ಬರುತ್ತಿತ್ತು. ಮಾಸ್ತರರು ಒಮ್ಮೆ ತಿರುಗಿಸಿ, ಮುಖಕ್ಕೆ ಗಾಳಿ ಬಡಿದ ಕೂಡಲೆ ಎರಡೂ ಕೈ ಜೋಡಿಸಿದರು.

"ಇದ ಇಂಜಿನ್," ಎಂದರು.

"ಅದು ಜ್ವಾಳಾ ತೂರೂದ್ರಿ ಸರ," ಎಂದಳು ಗಂಗಾ.

"ಆಮ್ಯಾಲ ಜ್ವಾಳಾ ತೂರಿರಬಹುದವ್ವಾ. ಮೊದಲ ಇದು ಹಾರಿದ್ದು."

ಪರಸಪ್ಪ ಬಗ್ಗಿ ಯಂತ್ರದ ಹೊಟ್ಟೆಯೊಳಗೆ ಕಣ್ಣಿಟ್ಟು ನೋಡಿದ. ಊರಲ್ಲಿ ವಿಮಾನವನ್ನು ಹತ್ತಿರದಿಂದ ಕಂಡವನು ಅವನೊಬ್ಬನೇ ಆದ್ದರಿಂದ ಎಲ್ಲರೂ ಅವನ ಮಾತಿಗೆ ಕಾದರು. ಬೆಳಗಿನ ತನಕ ತನ್ನದಾಗಿದ್ದ ಆಕಾಶ ಕೈಬಿಟ್ಟು ಹೋಗುತ್ತಿದ್ದದ್ದು ಅವನಿಗೆ ತಿಳಿದಿತ್ತು. ಇಲ್ಲವೆಂದರೆ ತಜ್ಞನ ಪಟ್ಟವೂ ಹೋಗುತ್ತದೆ. "ನಾ ಹ್ವಾದ ವಿಮಾನದಾಗೂ ಹಿಂಗ ಇತ್ತು," ಎಂದ ಗಂಭೀರವಾಗಿ. "ಸ್ವಲ್ಪ ದೊಡ್ಡದು."

ಊಟದ ಹೊತ್ತಿಗೆ ಬೈಲಹೊಂಗಲದಿಂದ ಫ್ಲೆಕ್ಸ್ ಬಂತು. ಮಡಿವಾಳೆಪ್ಪನ ಫೋಟೊ ಯಾರ ಹತ್ತಿರವೂ ಇರಲಿಲ್ಲ. ಫ್ಲೆಕ್ಸಿನವನು ವಂಶದ ಚಹರೆ ಒಂದೇ ಇರುತ್ತದೆಂದು ವಿರೂಪಾಕ್ಷನ ಫೋಟೊಕ್ಕೇ ರುಮಾಲು ಸುತ್ತಿ, ಹುರಿ ಮೀಸೆ ಅಂಟಿಸಿ, ಹಿಂದೆ ಎರಡು ಮೋಡ ಹಾಕಿ ಕಳಿಸಿದ್ದ. ಅದನ್ನು ಮನೆಯ ಮುಂದೆ ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿದರು. ನೀರು ತರಲು ಹೋಗಿದ್ದ ಗಂಗಾ ಮರಳಿ ಬಂದಾಗ ಕಂಡದ್ದು ಹಾರ ಹಾಕಿಸಿಕೊಂಡ ಗಂಡನ ಮುಖ, ಕೆಳಗೆ ಊದಿನಕಡ್ಡಿ ಹೊಗೆ. ಕೊಡ ಕೈಬಿಟ್ಟಿತು. ಅವಳ ಚೀರಾಟಕ್ಕೆ ಓಣಿಯ ಹೆಂಗಸರೆಲ್ಲ ಓಡಿಬಂದು, ಕಾರಣ ಕೇಳದೆ, ಅವಳನ್ನು ತಬ್ಬಿಕೊಂಡು ಅಳತೊಡಗಿದರು. ಫ್ಲೆಕ್ಸಿನ ಫೋಟೊ ಆಗಲೇ ಮೊಬೈಲುಗಳಲ್ಲಿ ಹರಿದಾಡಿತ್ತು. ಕಿತ್ತೂರಿನಿಂದ ವಿರೂಪಾಕ್ಷನ ಸೋದರಮಾವ ಫೋನು ಮಾಡಿದ.

"ಹಲೋ, ಯಾರು ಮಾತಾಡೂದು?"

"ನಾನ ಮಾವಾ, ವಿರೂಪಾಕ್ಷ."

"ಮಣ್ಣು ಮಾಡೂದು ಎಷ್ಟೊತ್ತಿಗೆ ಇಟ್ಕೊಂಡೀರಿ?" ಎಂದ ಸೋದರಮಾವ. "ನಮಗ ಗಾಡಿ ಸಿಗಬೇಕಲ್ಲ."

ತಾನು ಬದುಕಿದ್ದೇನೆಂದು ಸೋದರಮಾವನನ್ನು ನಂಬಿಸುವಷ್ಟರಲ್ಲಿ ವಿರೂಪಾಕ್ಷನ ಗಂಟಲು ಒಣಗಿತು. ಅಷ್ಟರಲ್ಲಿ ಬಾಗಿಲ ಮುಂದೆ ಜೀಪೊಂದು ಧೂಳೆಬ್ಬಿಸಿ ನಿಂತಿತು. ಪರಸಪ್ಪನ ಹೆಂಡತಿಯ ತಮ್ಮ ಸಾಗರ ರಾಮದುರ್ಗದವನು. ಅಕ್ಕನ ಫೋನಿನಿಂದ ಸುದ್ದಿ ತಿಳಿದು ಏಳೆಂಟು ಜನರನ್ನು ಕಟ್ಟಿಕೊಂಡು ಬಂದಿದ್ದ. ಕೆಳಗಿಳಿದವನೇ ನೇರ ಮಾಸ್ತರರ ಮುಂದೆ ನಿಂತ.

"ಸ್ಮಾರಕ ರಾಮದುರ್ಗದಾಗ ಆಗಬೇಕ್ರಿ. ಅಂವ ಇಳದದ್ದು ನಮ್ಮ ಊರಾಗ."

"ಹಾರಿದ್ದು ನಮ್ಮ ಊರಾಗ," ಎಂದರು ಮಾಸ್ತರರು.

"ಹಾರೂದು ಯಾರರ ಹಾರತಾರ್ರಿ. ಕೋಳಿನೂ ಹಾರತೇತಿ. ಸುರಳೀತ ಇಳಿಯೂದು ದೊಡ್ಡದು. ಮಲಪ್ರಭಾ ದಂಡಿ ಮ್ಯಾಲ ಜಾಗಾನೂ ನೋಡಿ ಬಂದೇವಿ."

ಮಾಸ್ತರರು ಸೀಟಿ ಊದಿದರು. ಸಾಗರ ಜೀಪಿನ ಹಾರ್ನ್ ಬಾರಿಸಿದ. ಸ್ವಲ್ಪ ಹೊತ್ತು ಚರ್ಚೆ ಹೀಗೇ ನಡೆಯಿತು. ರಾಮದುರ್ಗದವರ ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬಾತ ಮಾತ್ರ ಯಾರ ಕಡೆಯೂ ಸೇರದೆ ಕಟ್ಟೆಯ ಮೇಲೆ ಕೂತಿದ್ದ. ಸುಭಾಸ ಎಂದು ಹೆಸರು. ಗಂಗಾ ಕೊಟ್ಟ ಚುರಮುರಿ ತಿನ್ನುತ್ತ, ಒಮ್ಮೆ ಫ್ಲೆಕ್ಸ್, ಒಮ್ಮೆ ವಿರೂಪಾಕ್ಷನ ಮುಖ ನೋಡುತ್ತಿದ್ದ.

ಕೊನೆಗೆ ಮಾಸ್ತರರು ಕೈ ಎತ್ತಿದರು. "ಜಗಳ ಬ್ಯಾಡ. ದೊಡವಾಡದ ಸ್ಮಾರಕಕ್ಕ ಜಾಗಾ ಹುಡುಕೂ ಕೆಲಸನ ಇಲ್ಲ. ಈ ಮನೀನ ಸ್ಮಾರಕ. ಮಾಳಗಿ ಹಂಗ ಇಡೂನು, ಪಡಸಾಲ್ಯಾಗ ಇಂಜಿನ್ ಇಡೂನು, ಅಡಗಿಮನ್ಯಾಗ ತಿಕೀಟು ಕೊಡೂ ಕಿಡಕಿ. ವಿರೂಪಾಕ್ಷ ಸೋಮವಾರದಷ್ಟೊತ್ತಿಗೆ ಮನಿ ಖಾಲಿ ಮಾಡಿ ಕೊಡತಾನ. ಇಂಥಾ ತ್ಯಾಗ ಯಾರ ಮಾಡತಾರ್ರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ವಿರೂಪಾಕ್ಷ ಬೇಡ ಎನ್ನಲು ಬಾಯಿ ತೆರೆದ. ಆ ತೆರೆದ ಬಾಯಿಗೆ ಯಾರೋ ಪೇಢೆ ಇಟ್ಟರು. ಅದನ್ನು ನುಂಗುವಷ್ಟರಲ್ಲಿ ಕೊರಳಿಗೆ ಶಾಲು ಬಿತ್ತು.

ಗಂಗಾ ಅವನನ್ನು ಕೊಟ್ಟಿಗೆಯ ಮೂಲೆಗೆ ಎಳೆದೊಯ್ದಳು. "ಖರೇ ಹೇಳ್ರಿ. ನಿಮ್ಮ ಮುತ್ತಜ್ಜ ಹಾರಿದ್ನ?"

"ಇಲ್ಲ."

"ಮತ್ಯಾಕ ಹೇಳಿದ್ರಿ?"

"ಪರಸಪ್ಪ ಇರಿವಿ ಅಂದ."

ಗಂಗಾ ಅವನ ಮುಖವನ್ನೇ ನೋಡಿದಳು. ಬಯ್ಯಬೇಕೆಂದು ಬಂದವಳು ಬಯ್ಯಲಿಲ್ಲ. ಹದಿನಾರು ವರ್ಷ ಅವನ ಜೊತೆ ಬಾಳಿದವಳಿಗೆ ಆ ಮಾತು ಅವನಿಗೆ ಎಲ್ಲಿ ನಾಟಿತ್ತೆಂದು ಗೊತ್ತಾಯಿತು. "ಹೋಗ್ರಿ," ಎಂದಳು ಮೆತ್ತಗೆ. "ಹೋಗಿ ಸುಳ್ಳು ಅಂತ ಒಪ್ಕೋರಿ. ನಕ್ಕರ ನಗಲಿ. ಮನಿ ಉಳೀತೇತಿ."

ವಿರೂಪಾಕ್ಷ ಶಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಕಟ್ಟೆ ಹತ್ತಿದ. ಅಳುಕುತ್ತ ಅಳುಕುತ್ತ ಎಲ್ಲ ಹೇಳಿದ: ಮುತ್ತಜ್ಜ ಹಾರಿಲ್ಲ, ಹದ್ದು ನೋಡಿಲ್ಲ, ಚಪ್ಪಲಿ ಬಿಟ್ಟಿಲ್ಲ, ಎಲ್ಲ ತಾನೇ ಕಟ್ಟಿದ್ದು, ತಪ್ಪಾಯಿತು.

ಆಮೇಲೆ ಮಾಸ್ತರರು ಮೆಚ್ಚುಗೆಯಿಂದ ತಲೆದೂಗಿದರು. "ನೋಡ್ರಿ, ಎಷ್ಟು ನಮ್ರತಾ."

"ನಮ್ರತಾ ಅಲ್ರಿ ಸರ, ಮನಿ ಬಿಡಾಕ ಮನಸಿಲ್ಲ," ಎಂದ ಪರಸಪ್ಪ. "ಅದಕ್ಕ ಹಿರೇರ ಹೆಸರಿಗೆ ಮಸಿ ಬಳ್ಯಾಕ ನಿಂತಾನ."

ಗುಂಪು ಗುಜುಗುಜು ಎಂದಿತು. ಸತ್ತ ಹಿರಿಯನನ್ನು ಆಕಾಶದಿಂದ ಕೆಳಗೆ ಎಳೆಯುವುದೆಂದರೇನು? ಬೆಳಿಗ್ಗೆ ಚಪ್ಪಲಿಯ ಬಗ್ಗೆ ಕೇಳಿದ್ದ ಹಿರಿಯರಂತೂ ಕಣ್ಣಲ್ಲಿ ನೀರು ತಂದುಕೊಂಡರು. ವಿರೂಪಾಕ್ಷನಿಗೆ ದಿಕ್ಕು ತೋಚಲಿಲ್ಲ. ಕಟ್ಟಕಡೆಗೆ ಒಂದು ದಾರಿ ಹೊಳೆಯಿತು.

"ನನ್ನ ಮಾತು ಬ್ಯಾಡ್ರಿ. ಒಳಗ ನಮ್ಮ ಆಯಿ ಅದಾಳ. ಮಡಿವಾಳೆಪ್ಪನ ಸೊಸಿ. ಅಕಿನ್ನ ಕೇಳ್ರಿ."

ಸೋಮವ್ವನಿಗೆ ತೊಂಬತ್ತು ದಾಟಿತ್ತು. ಕಿವಿ ಮಂದ, ನಾಲಿಗೆ ಚುರುಕು. ಮಧ್ಯಾಹ್ನದ ಗದ್ದಲವನ್ನೆಲ್ಲ ಯಾರದೋ ಮದುವೆ ಎಂದುಕೊಂಡು ಮಲಗಿದ್ದಳು. ವಿರೂಪಾಕ್ಷ ಅವಳನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂಡಿಸಿದ. ಮಾಸ್ತರರು ಅವಳ ಕಿವಿಯ ಹತ್ತಿರ ಸೀಟಿ ಊದಿ, ಪ್ರಶ್ನೆ ಕೇಳಿದರು.

"ಸೋಮವ್ವಾಯಿ, ನಿಮ್ಮ ಮಾವನವರು ಈ ಮಾಳಗಿ ಮ್ಯಾಲಿಂದ ಹಾರಿದ್ರೇನ್ರಿ?"

"ಯಾರು, ಮಡಿವಾಳೆಪ್ಪನ?" ಸೋಮವ್ವ ಸೆರಗು ತಲೆ ಮೇಲೆ ಎಳೆದುಕೊಂಡಳು. "ಆಂವ ಯಾಕ ಹಾರತಾನ? ಏಣಿ ಹತ್ತಾಕ ಅಂಜತಿದ್ನಂತ."

ವಿರೂಪಾಕ್ಷನಿಗೆ ಹೋದ ಜೀವ ಬಂದಂತಾಯಿತು. ಗಂಗಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೈ ಮುಗಿದಳು. ಮಾಸ್ತರರ ಮುಖ ಗಾಳಿ ಹೋದ ಫುಟ್‌ಬಾಲಿನಂತಾಯಿತು.

"ಆಂವ ಓಡಿ ಹ್ವಾದ," ಎಂದಳು ಸೋಮವ್ವ, ಯಾರೂ ಕೇಳದೆಯೇ. "ನಸುಕಿನ್ಯಾಗ ಎದ್ದು, ಸಂತಿಗೆ ಹೊಂಟಿದ್ದ ಚಕ್ಕಡಿ ಹತ್ತಿ, ರಾಮದುರ್ಗಕ್ಕ ಹ್ವಾದ. ಅಲ್ಲಿ ಯಾವಾಕಿನ್ನೋ ಇಟ್ಕೊಂಡಿದ್ನಂತ. ಮನತನದ ಮಾನ ಹೋಗಬಾರದಂತ ನಾವು ಯಾರಿಗೂ ಹೇಳಿಲ್ಲ. ನಮ್ಮತ್ತಿ ಮರೆವ್ವ ಸಾಯೂ ತನಕ ಅತ್ತಳು. ಗಂಡ ಹ್ವಾದ ಅಂತ ಅಲ್ಲ. ಹೋಗುವಾಗ ಟ್ರಂಕಿನ್ಯಾಗಿನ ಅಕಿ ಇಳಕಲ್ ಸೀರಿ ಕದ್ದ ಒಯ್ದ. ತವರಮನಿ ಸೀರಿ ಅದು."

ಆಗ ಸುಭಾಸ ಚುರಮುರಿಯ ತಟ್ಟೆ ಬದಿಗಿಟ್ಟು ಎದ್ದ. ನಿಧಾನವಾಗಿ ಬಂದು ಸೋಮವ್ವನ ಕಾಲು ಮುಟ್ಟಿದ.

"ದೊಡ್ಡವ್ವಾ, ನಾ ಸುಭಾಸ. ಆ ರಾಮದುರ್ಗದ ಮನಿ ಮೊಮ್ಮಗ. ಮಡಿವಾಳೆಪ್ಪ ನಮ್ಮಜ್ಜ."

ಸೋಮವ್ವ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಮೂಗು ನಮ್ಮ ಮನತನದ್ದ ಐತಿ," ಎಂದಳು. "ಈಗ್ಯಾಕ ಬಂದಿ?"

"ನಮ್ಮಜ್ಜ ಇಲ್ಲಿ ಇಳದಾನೇನೊ ಅಂತ ನೋಡಾಕ ಬಂದೇನ್ರಿ."

"ಇಳದ? ಎಲ್ಲಿಂದ ಇಳದ?" ಎಂದರು ಮಾಸ್ತರರು.

"ಮ್ಯಾಲಿಂದರಿ." ಸುಭಾಸ ಸೋಮವ್ವನ ಕಿವಿಗೂ ಕೇಳುವಂತೆ ಹೇಳತೊಡಗಿದ. ಅವನ ಮಾತಲ್ಲಿ ಆವೇಶವಿರಲಿಲ್ಲ. ನೆರೆಮನೆಯ ದನ ಕಳೆದುಹೋದದ್ದನ್ನು ಹೇಳುವಂತೆ ಹೇಳಿದ. ರಾಮದುರ್ಗಕ್ಕೆ ಬಂದ ಮೇಲೆ ಮಡಿವಾಳೆಪ್ಪನಿಗೆ ಅದೆಲ್ಲಿಂದಲೋ ಹಾರುವ ಹುಚ್ಚು ಹಿಡಿಯಿತು. ಒಬ್ಬರೂ ಕಲಿಸಿದವರಿಲ್ಲ, ಒಂದು ಪುಸ್ತಕವಿಲ್ಲ. ಬಿದಿರು ಸೀಳಿ ಹಂದರ ಕಟ್ಟಿದ, ಹೊಲಿಗೆ ಯಂತ್ರದ ಪೆಡ್ಲು ಜೋಡಿಸಿದ, ಸೀರೆ ಹರವಿ ರೆಕ್ಕೆ ಮಾಡಿದ. ಒಂದು ದಿನ ಗಾಳಿ ಜೋರಾಗಿದ್ದಾಗ ಅದನ್ನು ಗುಡ್ಡದ ಮೇಲೆ ಹೊತ್ತೊಯ್ದ. "ನಮ್ಮಜ್ಜಿ ಕೆಳಗ ನಿಂತ ನೋಡಿದ್ಲಂತ. ಮೊದಲ ಕೆಳಗ ಬಂದ, ಆಮ್ಯಾಲ ಮ್ಯಾಲ ಹ್ವಾದ, ಆಮ್ಯಾಲ ಕಾಣಲಿಲ್ಲ. ಊರ ಮಂದಿ ನಂಬಲಿಲ್ಲರಿ. ಇಲ್ಲಿಂದ ಓಡಿ ಬಂದಂಗ ಅಲ್ಲಿಂದನೂ ಓಡಿ ಹ್ವಾದ ಅಂದ್ರು. ನಮ್ಮಪ್ಪ ಸಾಯೂ ತನಕ ತಲಿ ತಗ್ಗಿಸಿ ಅಡ್ಡಾಡಿದ."

ಸೋಮವ್ವ ಮುಂದಕ್ಕೆ ಬಾಗಿದಳು. "ರೆಕ್ಕಿ ಯಾವ ಸೀರೀದು?"

"ಹಸರ ಮೈ, ಕೆಂಪ ಸೆರಗಿನ ಇಳಕಲ್ ಸೀರೀರಿ. ಸೆರಗಿನ ತುದಿಗೆ ದೀಪಾ ತಗಲಿ ಸುಟ್ಟ ತೂತು ಇತ್ತಂತ. ಗಾಳಿ ಹೋಗತೇತಿ, ತೇಪಿ ಹಾಕಿ ಹಾರ್ರಿ ಅಂತ ನಮ್ಮಜ್ಜಿ ಬಡಕೊಂಡ್ಲಂತ. ಕೇಳಲಿಲ್ಲ."

ಸೋಮವ್ವ ತನ್ನ ಸೆರಗಿನ ತುದಿಯನ್ನು ಬೆರಳಲ್ಲಿ ಸವರಿದಳು. "ಆ ತೂತು ನಮ್ಮತ್ತಿ ದೀವಳಗಿ ದಿನಾ ಸುಟ್ಟಕೊಂಡಿದ್ಲು," ಎಂದಳು. "ಅಕೀದ ಸೀರಿ."

ಅಂಗಳದ ಜನವೆಲ್ಲ, ಯಾರೂ ಹೇಳದಿದ್ದರೂ, ಒಮ್ಮೆಲೇ ತಲೆ ಎತ್ತಿ ಆಕಾಶ ನೋಡಿದರು. ಜೀಪಿನ ಡ್ರೈವರನೂ ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದ. ಮೇಲೆ ಎರಡು ಹದ್ದು ಬಿಟ್ಟರೆ ಏನೂ ಇರಲಿಲ್ಲ.

ಮೊದಲು ಚೇತರಿಸಿಕೊಂಡವರು ಮಾಸ್ತರರು. ವಿರೂಪಾಕ್ಷನ ಹೆಗಲ ಮೇಲೆ ಕೈಯಿಟ್ಟರು. "ಅಲ್ಲೊ ಮಾರಾಯ, ಮುಂಜಾನೆ ನೀ ಖರೇನ ಹೇಳಿದ್ದಿ. ಸಂಜೀಕ ನಿಂತು ಅದು ಸುಳ್ಳಂತ ಸುಳ್ಳು ಹೇಳಿದಿ."

"ನನಗ ಗೊತ್ತಿರಲಿಲ್ರಿ ಸರ."

"ಸುಳ್ಳು ಹೇಳಾವ್ರೆಲ್ಲಾ ಹಿಂಗ ಅಂತಾರ," ಎಂದ ಪರಸಪ್ಪ.

ವಿರೂಪಾಕ್ಷನಿಗೆ ಒಂದು ಆಸೆ ಉಳಿದಿತ್ತು. "ಆದ್ರ ಸರ, ಹಾರಿದ್ದು ರಾಮದುರ್ಗದಿಂದ ಅಂತಾಯ್ತಲ್ರಿ. ಸ್ಮಾರಕ ಅಲ್ಲೇ ಆಗಲಿ. ನಮ್ಮ ಮನಿ ಯಾಕ?"

ಸಾಗರ ಗೆದ್ದವನಂತೆ ಜೀಪಿನ ಹಾರ್ನ್ ಕಡೆ ಕೈ ಚಾಚಿದ. ಆಗ ಸೋಮವ್ವ ಅಂಗೈಯಿಂದ ಕಟ್ಟೆ ಬಡಿದಳು.

"ಹಾರಿದ್ದು ಎಲ್ಲಿಂದರ ಇರಲಿ. ಹಾರಿಸಿದ್ದು ನಮ್ಮತ್ತಿ ಸೀರಿ. ಗಂಡಸ್ರ ಹೆಸರಲೆ ಏನೂ ಕಟ್ಟೂದು ಬ್ಯಾಡ. ಮರೆವ್ವನ ಸೀರಿ ಅಂತ ಬೋರ್ಡ್ ಬರಸ್ರಿ, ಅಕಿ ಟ್ರಂಕು ನಡುಮನ್ಯಾಗ ಇಡ್ರಿ. ಈ ಮನಿ ನನ್ನ ಹೆಸರಲೆ ಐತಿ. ನಾ ಕೊಟ್ಟೆ."

"ಆಯಿ," ಎಂದ ವಿರೂಪಾಕ್ಷ. "ನಾವು ಎಲ್ಲಿರೂದು?"

"ಕೊಟಗಿ ದೊಡ್ಡದೈತಿ," ಎಂದಳು ಸೋಮವ್ವ. "ನಾ ಇಲ್ಲೇ ಇರತೇನಿ. ಬಂದ ಮಂದಿಗೆ ಹೇಳಾವ್ರು ಬೇಕಲ್ಲ."

ಮಾಸ್ತರರು ಊದಿದ ಸೀಟಿ ಊರಿನ ಆಚೆ ತನಕ ಕೇಳಿಸಿತು. ರಾಮದುರ್ಗದವರೂ ದೊಡವಾಡದವರೂ ಅಪ್ಪಿಕೊಂಡರು. ಸುಭಾಸ ಈಗ ಮನೆಯವನೇ ಆದ್ದರಿಂದ, ಅವನ ಜೊತೆ ಬಂದವರೆಲ್ಲ ಊಟ ಮಾಡಿಕೊಂಡೇ ಹೋಗುವುದೆಂದು ತೀರ್ಮಾನವಾಯಿತು. ಗಂಗಾ ರೊಟ್ಟಿಗೆ ಹಿಟ್ಟು ಕಲಸಲು ಕೂತಳು. ಪರಸಪ್ಪ ಮತ್ತು ಸಾಗರ ಹಾಸಿಗೆ, ಪಾತ್ರೆ, ಮಿಕ್ಸರ್ ಒಂದೊಂದೇ ಹೊತ್ತು ಕೊಟ್ಟಿಗೆಗೆ ಸಾಗಿಸತೊಡಗಿದರು. ಎಮ್ಮೆ ಎದ್ದು ಜಾಗ ಕೊಟ್ಟಿತು.

ಹೊತ್ತು ಇಳಿಯುವಾಗ ಸುಭಾಸ ಕಟ್ಟೆಯ ಮೇಲೆ ವಿರೂಪಾಕ್ಷನ ಪಕ್ಕ ಬಂದು ಕೂತ. ಆ ದಿನ ಬಂದವರಲ್ಲಿ ವಿರೂಪಾಕ್ಷನನ್ನು ಹೊಗಳದೆ, ಬಯ್ಯದೆ ನೋಡಿದವನು ಸುಭಾಸನೊಬ್ಬನೇ.

"ತಮ್ಮಾ, ಒಂದು ಮಾತು ಕೇಳತೇನಿ, ತಪ್ಪು ತಿಳೀಬ್ಯಾಡ. ಇಷ್ಟೆಲ್ಲಾ ನಿನಗ ತಾನ ಹೊಳೀತು ಅಂತೀ. ಹಂಗಿದ್ರ ನೀನ ಹೇಳು. ಆಂವ ಆಮ್ಯಾಲ ಎಲ್ಲಿ ಇಳದ?"

ಹಾಸಿಗೆ ಹೊತ್ತವರು ಹಾಸಿಗೆ ಹೊತ್ತುಕೊಂಡೇ ನಿಂತರು. ಮಾಸ್ತರರು ಸೀಟಿ ತುಟಿಗಿಟ್ಟುಕೊಂಡು ಕಾದರು. ಒಳಗೆ ರೊಟ್ಟಿ ಬಡಿಯುವ ಸದ್ದೂ ನಿಂತಿತು. ವಿರೂಪಾಕ್ಷ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಇಲ್ಲವೆಂದು ಜೋರಾಗಿ ತಲೆಯಾಡಿಸಿದ.

ಹಾಗೆ ಆಡಿಸುವಾಗ ಅವನ ಗದ್ದ ಎರಡು ಸಲ ಕಿತ್ತೂರಿನ ಕಡೆ ತಿರುಗಿತೆಂದು ಪರಸಪ್ಪ ಎಲ್ಲರಿಗೂ ತೋರಿಸಿಕೊಟ್ಟ. ಮರುಕ್ಷಣವೇ ಜೀಪು ಸದ್ದು ಮಾಡಿತು, ಮತ್ತು ಯಾರೋ ವಿರೂಪಾಕ್ಷನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂಡಿಸಿದರು.